ಹಳೆಯ ಪಿಕಪ್ ಕೊಳ್ಳುವಾಗ: ಗಾಡಿ ಯಾರ ಯಾರ ಕೈ ದಾಟಿ ಬಂದಿದೆ?



ಸಂಕ್ರಾಂತಿಯ ಹೊತ್ತಿಗೆ ಸೋಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ನೆರೆಯುತ್ತದೆ. ಅದರ ಜೊತೆಗೆ ದನಗಳ ಬಜಾರವೂ ಕೂಡುತ್ತದೆ. ಅಲ್ಲಿ ಎತ್ತು ಕೊಳ್ಳಲು ಹೋದ ಹಿರಿಯರು ಮೊದಲು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆದರೆ ರೊಕ್ಕ ಎಣಿಸುವ ಮುಂಚೆ ಒಂದು ಮಾತು ಕೇಳದೆ ಬಿಡುವುದಿಲ್ಲ: "ಇದು ಯಾರ ಮನೀ ಎತ್ತಪಾ? ಅವರ ಮನ್ಯಾಗ ಏನು ಕೆಲಸ ಮಾಡತಿತ್ತು?" ಹೊಲ ಹೂಡಿದ ಎತ್ತು ಬೇರೆ, ಕಲ್ಲು ಎಳೆದ ಎತ್ತು ಬೇರೆ. ಮೈ ನೋಡಿದರೆ ಎರಡೂ ಒಂದೇ ಹಾಗೆ ಕಾಣಬಹುದು.

ಇಂದು ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಪಿಕಪ್ ನಿಂತಿದೆ. ಉಳ್ಳಾಗಡ್ಡಿಯನ್ನು ಸೋಲಾಪುರದ ಮಾರುಕಟ್ಟೆಗೆ, ತೊಗರಿಯನ್ನು ದುಧನಿಯ ಅಡತಿಗೆ, ದಾಳಿಂಬೆ, ದ್ರಾಕ್ಷಿಗಳನ್ನು ಪುಣೆಯವರೆಗೆ ಅದೇ ಹೊರುತ್ತದೆ. ಹೊಸ ಗಾಡಿ ಎಲ್ಲರಿಗೂ ನಿಲುಕುವುದಿಲ್ಲ, ಆದ್ದರಿಂದ ಹಳೆಯದನ್ನು ಹುಡುಕುತ್ತೇವೆ. ಟಾಯರು ಒದ್ದು ನೋಡುತ್ತೇವೆ, ಎಂಜಿನ್ ಚಾಲೂ ಮಾಡಿ ಸದ್ದು ಕೇಳುತ್ತೇವೆ. ಎತ್ತಿಗೆ ಕೇಳುತ್ತಿದ್ದ ಆ ಪ್ರಶ್ನೆಯನ್ನು ಮಾತ್ರ ಗಾಡಿಗೆ ಕೇಳಲು ಮರೆಯುತ್ತೇವೆ. ಇಂದಿನ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಕ್ಕಲಕೋಟ ತಾಲೂಕಿನ ಗಡಿಯ ಹಳ್ಳಿಯ ಒಬ್ಬ ರೈತ ಆಳಂದದ ಕಡೆಯಿಂದ ಒಂದು ಪಿಕಪ್ ಕೊಳ್ಳುತ್ತಾನೆ. ನಂಬರು ಕೆ.ಎ. 32, ಅಂದರೆ ಕಲಬುರಗಿ ಪಾಸಿಂಗ್. ಮಾರುವವನು ಹೇಳುತ್ತಾನೆ: "ಗಾಡಿ ಇನ್ನಾ ನನ್ನ ಹೆಸರಿಗಿಲ್ಲ ಕಾಕಾ. ನನಗ ಕೊಟ್ಟವರ ಹೆಸರಿಗೇ ಐತಿ. ಅವರು ಸಹಿ ಮಾಡಿಕೊಟ್ಟ ಟಿ.ಟಿ. ಫಾರ್ಮ್ ನನ್ನ ಕಡೆ ಅದಾವ. ನೀವು ಯಾವಾಗ ಬೇಕಾದ್ರೂ ಹೆಸರು ಹಚ್ಚಿಕೋರಿ." ಬೆಲೆ ಪೇಟೆಗಿಂತ ಕಡಿಮೆ. ರೈತ ಒಪ್ಪುತ್ತಾನೆ. ಒಂದು ವರ್ಷ ಏನೂ ಆಗುವುದಿಲ್ಲ. ಆಮೇಲೆ ಒಂದು ರಾತ್ರಿ ಗಾಡಿ ಒಬ್ಬ ಬೈಕ್ ಸವಾರನಿಗೆ ತಾಗುತ್ತದೆ. ಆಗ ಎಲ್ಲರೂ ಕಾಗದ ಹುಡುಕತೊಡಗುತ್ತಾರೆ.

ಕಾಗದದಲ್ಲಿ ಮಾಲೀಕ ಯಾರು? ಎಂದೋ ಗಾಡಿ ಮಾರಿ ಮರೆತ ಆ ಮೊದಲಿನವನು. ನೋಟೀಸು ಅವನ ಮನೆಗೆ ಹೋಗುತ್ತದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಎಂಬವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ದಫ್ತರದಲ್ಲಿ ಹೆಸರು ಮಾತ್ರ ಬದಲಾಗಿರಲಿಲ್ಲ. ದಫ್ತರದಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಿಗೆ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ತೀರ್ಪಾಯಿತು. ಅದಕ್ಕೆಂದು ಕೊಂಡವನು ನಿಶ್ಚಿಂತನಾಗಿ ಇರುವಂತಿಲ್ಲ. ತನ್ನ ಗಾಡಿಯ ನಷ್ಟಕ್ಕೆ ಅವನು ವಿಮೆ ಕೇಳಿದರೆ ಪಾಲಿಸಿ ಅವನ ಹೆಸರಿಗಿಲ್ಲ. ಸಾಲಕ್ಕೆ ಹೋದರೆ ಬ್ಯಾಂಕು ಒಪ್ಪುವುದಿಲ್ಲ. ಮಾರಲು ಹೋದರೆ ಮತ್ತೆ ಅದೇ ಹಳೆಯ ಟಿ.ಟಿ. ಫಾರ್ಮಿನ ಕಥೆ. ಗಾಡಿ ಇರುವುದು ಅವನ ಅಂಗಳದಲ್ಲಿ, ಹೆಸರು ಇರುವುದು ಇನ್ನೊಬ್ಬರ ಹಳ್ಳಿಯಲ್ಲಿ.

ಹೊಲ ಕೊಳ್ಳುವಾಗ ನಾವು ಹೀಗೆ ಮಾಡುತ್ತೇವೆಯೆ? ಈಚೆ ಕಡೆ ಸಾತ್‌ಬಾರಾ ಉತಾರಾ ತೆಗೆಸುತ್ತೇವೆ, ಫೇರ್‌ಫಾರ್ ನೋಡುತ್ತೇವೆ. ಆಚೆ ಕಡೆ ಪಹಣಿ ತೆಗೆಸುತ್ತೇವೆ. ಗಾಡಿಗೂ ಒಂದು ಉತಾರಾ ಇದೆ. ಅದೇ ಆರ್.ಸಿ. ಅದರಲ್ಲಿ ಈಗಿನ ಮಾಲೀಕರು ಎಷ್ಟನೆಯವರು ಎಂಬ ಕ್ರಮಾಂಕ ಇರುತ್ತದೆ. ಮಾರುವವರು "ಒಂದೇ ಕೈ" ಎಂದು ಹೇಳಿ, ಕಾಗದದಲ್ಲಿ 3 ಎಂದು ಕಂಡರೆ ಅಲ್ಲಿಯೇ ನಿಂತು ಕೇಳಿರಿ.

ಕಾಗದವನ್ನು ಗಾಡಿಯ ಜೊತೆಗೆ ಹೋಲಿಸಬೇಕು. ಈಗಿನ ಗಾಡಿಗಳ ಚಾಸಿ ನಂಬರಿನಲ್ಲಿ ಅಂಕಿ ಮತ್ತು ಅಕ್ಷರ ಸೇರಿ 17 ಇರುತ್ತವೆ. ಅವನ್ನು ಒಂದೊಂದಾಗಿ ಓದಿ ನೋಡಿರಿ. ತಿಕ್ಕಿದ ಗುರುತು, ವೆಲ್ಡಿಂಗ್ ಮಾಡಿದ ಗುರುತು ಇದ್ದರೆ, ಎಷ್ಟು ಅಗ್ಗವಾದರೂ ಆ ಗಾಡಿ ಬೇಡ. ಆಮೇಲೆ ಮೊಬೈಲಿನಲ್ಲಿ ಸರಕಾರದ ಎಂ-ಪರಿವಾಹನ್ ಆ್ಯಪ್ ತೆರೆದು ಗಾಡಿ ನಂಬರು ಹಾಕಿರಿ. ಫಿಟ್‌ನೆಸ್ ಎಲ್ಲಿಯವರೆಗೆ, ವಿಮೆ ಎಲ್ಲಿಯವರೆಗೆ, ಸಾಲ ಇದೆಯೆ ಎಂಬುದು ತಿಳಿಯುತ್ತದೆ. ಬಾಕಿ ಉಳಿದ ದಂಡಗಳನ್ನು ಇ-ಚಲನ್ ತಾಣದಲ್ಲಿ ಬೇರೆಯಾಗಿ ನೋಡಬೇಕು. ನಿಮಗೆ ಬಾರದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ.

ಸಾಲದ ಗಾಡಿಯಾಗಿದ್ದರೆ ಆರ್.ಸಿ.ಯಲ್ಲಿ ಎಚ್.ಪಿ. ಎಂದು ಫೈನಾನ್ಸಿನವರ ಹೆಸರು ಇರುತ್ತದೆ. ಹೊಲದ ಉತಾರದಲ್ಲಿ ಸೊಸೈಟಿಯ ಬೋಜಾ ಇರುವಂತೆಯೇ ಇದು. "ಹಪ್ತೆ ಎಲ್ಲಾ ತೀರ್‍ಯಾವ" ಎಂಬ ಬಾಯಿಮಾತು ಸಾಲದು. ಫೈನಾನ್ಸಿನವರ ಎನ್.ಓ.ಸಿ. ಬೇಕು, ಅವರ ಸಹಿ ಇರುವ 35ನೆಯ ನಮೂನೆಯ ಫಾರ್ಮ್ ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸದಾರರ ಹೆಸರಿಗೆ ಆಗಲಿ, ಆಮೇಲೆ ನಿಮ್ಮ ಹೆಸರಿಗೆ. ತೀರಿಕೊಂಡವರು ಹಿಂದೆ ಮಾಡಿದ ಸಹಿಯನ್ನು ನಂಬಿ ವ್ಯವಹಾರ ಮಾಡಬಾರದು.

ಇಷ್ಟು ಹೆಸರಿನ ಮಾತಾಯಿತು. ಇನ್ನು ಕೆಲಸದ ಮಾತು.

ಮಾಲೀಕರ ಸಂಖ್ಯೆಗಿಂತ ಅವರು ಮಾಡಿಸಿದ ಕೆಲಸ ದೊಡ್ಡದು. ಒಬ್ಬನೇ ಮಾಲೀಕ ಐದು ವರ್ಷ ಮರಳು, ಖಡಿ, ಸಿಮೆಂಟು ಹೇರಿ ಓಡಿಸಿದ ಗಾಡಿಗಿಂತ, ಮೂರು ಕೈ ದಾಟಿದರೂ ಚಾದರ, ಕಿರಾಣಿ ಸಾಮಾನು ಹೊತ್ತ ಗಾಡಿ ಗಟ್ಟಿ ಇರಬಹುದು. ಮರಳಿನ ಗಾಡಿಯಲ್ಲಿ ಇನ್ನೊಂದು ಅಪಾಯ ಉಂಟು. ಭೀಮಾ, ಸೀನಾ ನದಿಗಳ ಮರಳನ್ನು ಪರವಾನಗಿ ಇಲ್ಲದೆ ಸಾಗಿಸಿ ಸಿಕ್ಕಿಬಿದ್ದ ಗಾಡಿಗಳನ್ನು ಕಂದಾಯ ಇಲಾಖೆ ಜಪ್ತಿ ಮಾಡಿ ದಂಡ ಹಾಕುತ್ತದೆ. ಅಂಥ ಪ್ರಕರಣ ಮುಗಿದಿದೆಯೆ ಎಂದು ಕೇಳಿರಿ, ಮುಗಿದಿದ್ದರೆ ದಂಡ ತುಂಬಿದ ಪಾವತಿ ನೋಡಿರಿ. ಹಪ್ತೆ ತಪ್ಪಿ ಫೈನಾನ್ಸಿನವರು ಎಳೆದೊಯ್ದು ಮಾರುವ ಗಾಡಿಯೂ ಅಗ್ಗವಾಗಿ ಸಿಗುತ್ತದೆ. ಅದು ಕೆಟ್ಟ ಗಾಡಿಯೇ ಎಂದಲ್ಲ. ಆದರೆ ಹಪ್ತೆಗೆ ರೊಕ್ಕ ಇಲ್ಲದವನು ವೇಳೆಗೆ ಸರಿಯಾಗಿ ಎಂಜಿನ್ ಎಣ್ಣೆ ಬದಲಿಸಿದ್ದನೇ ಎಂಬುದನ್ನು ಯೋಚಿಸಿರಿ.

ಮೀಟರ್ ಹೇಳಿದ್ದನ್ನು ಹಾಗೆಯೇ ನಂಬಬೇಡಿರಿ, ಲೆಕ್ಕ ಹಾಕಿರಿ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಹೋಗಿ ಬರಲು 80. ವರ್ಷಕ್ಕೆ 300 ದಿನ ಓಡಿದರೆ 24,000. ಆರು ವರ್ಷಕ್ಕೆ 1,44,000 ಆಯಿತು. "ದಿನಾ ಸೋಲಾಪುರಕ್ಕ ಹಾಲು ಒಯ್ಯತಿದ್ದೆ" ಎಂದು ಹೇಳುವವನ ಆರು ವರ್ಷದ ಗಾಡಿ 60,000 ತೋರಿಸಿದರೆ, ಮಾತು ಸುಳ್ಳು, ಇಲ್ಲವೆ ಮೀಟರ್ ಸುಳ್ಳು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೆಲಸ ಮಾಡಿಸಿದ್ದರೆ ಅಲ್ಲಿಯ ಬಿಲ್ಲುಗಳಲ್ಲಿ ದಿನಾಂಕ, ಕಿಲೋಮೀಟರ್ ಎರಡೂ ಬರೆದಿರುತ್ತವೆ. ಅವನ್ನು ಕೇಳಿರಿ.

ಹಳೆಯ ವಿಮೆಯ ಕಾಗದವೂ ಗುಟ್ಟು ಹೇಳುತ್ತದೆ. ನಷ್ಟ ಪರಿಹಾರ ಕೇಳದೆ ವರ್ಷ ಕಳೆದವರಿಗೆ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಸಿಗುತ್ತದೆ. ಅದು 20 ಪ್ರತಿಶತದಿಂದ ಶುರುವಾಗಿ 50ರವರೆಗೆ ಏರುತ್ತದೆ. ಒಬ್ಬರ ಕೈಯಲ್ಲೇ ಐದಾರು ವರ್ಷ ಇದ್ದು, ಪೂರ್ಣ ವಿಮೆ ತಪ್ಪದೆ ಮಾಡಿಸಿದ ಗಾಡಿಗೆ ಬೋನಸ್ ಸೊನ್ನೆ ಎಂದಿದ್ದರೆ, ನಡುವೆ ಏನೋ ಆಗಿರಬೇಕು. ಏನಾಯಿತೆಂದು ಕೇಳಲು ನಿಮಗೆ ಹಕ್ಕು ಇದೆ.

ನೀರಿನಲ್ಲಿ ನಿಂತ ಗಾಡಿಯ ಬಗ್ಗೆಯೂ ಎಚ್ಚರ ಬೇಕು. 2019ರಲ್ಲಿ ಸಾಂಗಲಿ, ಕೊಲ್ಹಾಪುರಗಳಿಗೆ ಮಹಾಪೂರ ಬಂತು. 2020ರ ಅಕ್ಟೋಬರದಲ್ಲಿ ನಮ್ಮ ಭೀಮಾ ನದಿಯೇ ಉಕ್ಕಿ ಎರಡೂ ರಾಜ್ಯಗಳ ದಂಡೆಯ ಊರುಗಳನ್ನು ಮುಳುಗಿಸಿತು. ಮುಳುಗಿದ ಗಾಡಿಯನ್ನು ತೊಳೆದು ಬಣ್ಣ ಹೊಡೆದರೆ ಹೊಸದರಂತೆ ಕಾಣುತ್ತದೆ, ವಾಯರಿಂಗಿನ ರೋಗ ಮಾತ್ರ ಒಳಗೇ ಇರುತ್ತದೆ. ಆಗ ಗಾಡಿ ಯಾವ ಊರಿನಲ್ಲಿತ್ತು ಎಂದು ವಿಚಾರಿಸಿರಿ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೆ, ಡ್ಯಾಶ್‌ಬೋರ್ಡಿನ ಹಿಂದೆ ಒಣಗಿದ ರಾಡಿ ಇದೆಯೆ ಎಂದು ನಿಮ್ಮ ಮಿಸ್ತ್ರಿಗೆ ತೋರಿಸಿರಿ. ಮಿಸ್ತ್ರಿ ನಿಮ್ಮವನಾಗಿರಲಿ, ಮಾರುವವರು ಕರೆತಂದವನು ಬೇಡ.

ಈಗ ಗಡಿಯ ಮಾತು. ಎರಡು ರಾಜ್ಯಗಳ ನಡುವೆ ನಮಗೆ ನೆಂಟಸ್ತನ ಉಂಟು, ಸಂತೆ ಉಂಟು. ಆದರೆ ಆರ್.ಟಿ.ಓ. ದಫ್ತರಗಳು ಬೇರೆ ಬೇರೆ. ಕೆ.ಎ. 32 ಕಲಬುರಗಿಯ ಅಥವಾ ಕೆ.ಎ. 28 ವಿಜಯಪುರದ ಗಾಡಿ ಸೋಲಾಪುರದ ಎಂ.ಎಚ್. 13 ಆಗಬೇಕಾದರೆ, ಮೊದಲು ಅಲ್ಲಿಯ ಆರ್.ಟಿ.ಓ. ಎನ್.ಓ.ಸಿ. ಕೊಡಬೇಕು. ಅದು 28ನೆಯ ನಮೂನೆ. ಈ ಕಾಗದವನ್ನು ಬರಿಯ ತೊಂದರೆ ಎಂದು ತಿಳಿಯಬೇಡಿರಿ. ಇದನ್ನು ಕೊಡುವ ಮುಂಚೆ ಗಾಡಿಯ ಮೇಲೆ ಕಳವಿನ ಪ್ರಕರಣ ಇಲ್ಲವೆಂದು ಪೊಲೀಸರಿಂದ ತಿಳಿದುಕೊಳ್ಳಬೇಕು, ಸರಕಾರಕ್ಕೆ ಬರಬೇಕಾದ ತೆರಿಗೆ ಬಂದಿದೆಯೆ ನೋಡಬೇಕು ಎಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅಂದರೆ ಗಾಡಿಯ ಹಿಂದಿನ ನಡತೆಗೆ ಸರಕಾರವೇ ಕೊಡುವ ಸಾಕ್ಷಿ ಅದು. ಎನ್.ಓ.ಸಿ. ತರಲು ಹಿಂಜರಿಯುವ ಮಾರಾಟಗಾರನ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ.

ಅವಧಿಗಳನ್ನು ನೆನಪಿಡಿರಿ. ಒಂದೇ ರಾಜ್ಯದ ಗಾಡಿಯಾದರೆ ಮಾರಿದವರು 14 ದಿನಗಳಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ಹೊರ ರಾಜ್ಯದ್ದಾದರೆ 45 ದಿನಗಳಲ್ಲಿ ಎನ್.ಓ.ಸಿ. ಮುಟ್ಟಿಸಬೇಕು. ಕೊಂಡವರು 30 ದಿನಗಳಲ್ಲಿ ತಮ್ಮ ಊರಿನ ಆರ್.ಟಿ.ಓ.ಗೆ ಅರ್ಜಿ ಕೊಡಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು. ಆಗ ಇಲ್ಲಿಯ ತೆರಿಗೆಯನ್ನೂ ತುಂಬಬೇಕಾಗುತ್ತದೆ. ಆ ಖರ್ಚನ್ನು ಮೊದಲೇ ಗಾಡಿಯ ಬೆಲೆಯಲ್ಲಿ ಕೂಡಿಸಿ ನೋಡಿರಿ. ಅಗ್ಗದ ಗಾಡಿ ಆಗ ಅಗ್ಗವಾಗಿಯೇ ಉಳಿಯುತ್ತದೆಯೆ ಎಂಬುದು ತಿಳಿದೀತು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕಂಪನಿಗೆ 14 ದಿನಗಳ ಒಳಗೆ ಅರ್ಜಿ ಕೊಡಬೇಕು.

ಹಳೆಯ ಗಾಡಿಗಳ ಅಂಗಡಿಯಿಂದ ಕೊಳ್ಳುವವರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಇಂಥ ವ್ಯಾಪಾರಿಗಳು ಆರ್.ಟಿ.ಓ.ದಿಂದ ಅಧಿಕಾರಪತ್ರ ಪಡೆಯಬೇಕು, ತಮ್ಮ ಕೈಗೆ ಬಂದ ಗಾಡಿಯನ್ನು ಸರಕಾರದ ತಾಣದಲ್ಲಿ ತೋರಿಸಬೇಕು ಎಂಬ ನಿಯಮ ಬಂದಿದೆ. ಆ ಪತ್ರವನ್ನು ಕೇಳಿ ನೋಡಿರಿ.

ಇಷ್ಟೆಲ್ಲ ತಿಳಿದ ಮೇಲೆ ತೂಗುವುದು ಹೇಗೆ? ದೋಷಗಳನ್ನು ಎರಡು ರಾಶಿ ಮಾಡಿರಿ. ಹೆಚ್ಚು ಓಡಿದೆ, ಮೂರು ಕೈ ದಾಟಿದೆ, ಪಾಟಾ ಬದಲಿಸಬೇಕು, ಫಿಟ್‌ನೆಸ್ ಮುಗಿಯಲು ಬಂದಿದೆ: ಇವು ಬೆಲೆ ಇಳಿಸಿ ಸರಿದೂಗಿಸುವ ದೋಷಗಳು. ಅಂದಹಾಗೆ, ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ಅದೂ ಲೆಕ್ಕದಲ್ಲಿರಲಿ. ಆದರೆ ಚಾಸಿ ನಂಬರು ಹೊಂದುವುದಿಲ್ಲ, ಆರ್.ಸಿ.ಯಲ್ಲಿ ಹೆಸರಿರುವ ವ್ಯಕ್ತಿ ಎದುರಿಗೆ ಬರುವುದಿಲ್ಲ, ಜಪ್ತಿಯ ಪ್ರಕರಣ ಮುಗಿದಿಲ್ಲ: ಇವಕ್ಕೆ ಬೆಲೆ ಇಳಿಸಿ ಪ್ರಯೋಜನವಿಲ್ಲ. ಕೈ ಮುಗಿದು ಎದ್ದು ಬರುವುದೇ ಲೇಸು.

ಮನಸ್ಸಿಗೆ ಬಂದರೆ ಇಸಾರ ಕೊಡಿರಿ, ಆದರೆ ಬರೆಸಿಕೊಂಡು ಕೊಡಿರಿ. ನಮ್ಮಲ್ಲಿ ಕರಾರುಪತ್ರ ಮರಾಠಿಯಲ್ಲಿರುತ್ತದೆ, ಸಹಿ ಮಾಡುವವರು ಕನ್ನಡ ಓದುವವರಾಗಿರುತ್ತಾರೆ. ಆಚೆ ಕಡೆ ಇದೇ ತಿರುಗುಮುರುಗು. ಎರಡೂ ಬಲ್ಲವರಿಂದ ಓದಿಸಿ, ತಿಳಿದುಕೊಂಡು ಸಹಿ ಮಾಡಿರಿ. ಗಾಡಿ ಕೈಗೆ ಬಂದ ದಿನ, ಹೊತ್ತು ಎರಡನ್ನೂ ಅದರಲ್ಲಿ ಬರೆಸಿರಿ. ಪೂರ್ತಿ ರೊಕ್ಕವನ್ನು ಎನ್.ಓ.ಸಿ. ಕಂಡ ಮೇಲೆಯೇ ಕೊಡಿರಿ.

ಮತ್ತೆ ನಮ್ಮ ಉದಾಹರಣೆಯ ರೈತನ ಕಡೆಗೆ ಬರೋಣ. ಅವನು ಮಾಡಬೇಕಾಗಿದ್ದದ್ದು ದೊಡ್ಡದೇನಲ್ಲ. ಆರ್.ಸಿ.ಯಲ್ಲಿ ಹೆಸರಿದ್ದವರ ಊರಿಗೆ ಒಂದು ದಿನ ಹೋಗಿ ಬಂದು, "ಅಣ್ಣಾರ, ಈ ಗಾಡಿ ನಿಮ್ಮದೇನ್ರಿ? ಇದರಾಗ ಏನು ಹೇರತಿದ್ರಿ?" ಎಂದು ಕೇಳಿದ್ದರೆ ಸಾಕಿತ್ತು. ಬಸ್ಸಿನ ಛಾರ್ಜು, ಒಂದು ಕಪ್ ಚಹಾ, ಅರ್ಧ ದಿನದ ಕೆಲಸ ಹೋಗುತ್ತಿತ್ತು. ಅದನ್ನು ಉಳಿಸಲು ಹೋಗಿ ಅವನು ಕೋರ್ಟಿನ ಬಾಗಿಲಿಗೆ ಬಂದ, ಗಾಡಿ ಮಾರಿ ಮರೆತವನನ್ನೂ ಜೊತೆಗೆ ಎಳೆತಂದ. ಬೈಕಿನಿಂದ ಬಿದ್ದವನ ಮನೆಯವರು ಪರಿಹಾರಕ್ಕಾಗಿ ಯಾರನ್ನು ಕೇಳಬೇಕೆಂದು ತಿಳಿಯದೆ ಅಲೆಯುವಂತಾಯಿತು.

ಗಾಡಿ ಮಾರುವವರಿಗೂ ಇದೇ ಮಾತು. ಕೀಲಿ ಕೊಟ್ಟ ದಿನವೇ ವ್ಯವಹಾರ ಮುಗಿಯಲಿಲ್ಲ. ದಫ್ತರದಲ್ಲಿ ನಿಮ್ಮ ಹೆಸರು ಹೋಗಿ ಕೊಂಡವರ ಹೆಸರು ಬಂದ ದಿನ ಮುಗಿಯಿತು.