ನಿಮ್ಮ ಫೈಲಿನ ತಾರೀಖಿಗೆ ಸಾಕ್ಷಿ ಯಾರು?

ಕೆಲವು ವರ್ಷಗಳ ಹಿಂದೆ ಪರಿಚಯದ ಲೇಖಕಿಯೊಬ್ಬರ ಉರ್ದು ಕಥೆಯನ್ನು ಅವರ ಒಪ್ಪಿಗೆ ಪಡೆದು ಕನ್ನಡಕ್ಕೆ ತಂದಿದ್ದೆ. ಇಲ್ಲಿ ಹೈದರಾಬಾದಿನಲ್ಲಿ ಕನ್ನಡ ಓದುವ ಒಂದಷ್ಟು ಗೆಳೆಯರು ಸೇರಿದಾಗ ಅದನ್ನು ಓದಿ, ಐದಾರು ಝೆರಾಕ್ಸ್ ಪ್ರತಿ ಹಂಚಿದೆ. ಎಂಟು ತಿಂಗಳ ನಂತರ ಅದೇ ಅನುವಾದ ಒಂದು ಪತ್ರಿಕೆಯಲ್ಲಿ ಬೇರೆಯವರ ಹೆಸರಲ್ಲಿ ಬಂತು. ಬದಲಾಗಿದ್ದು ನಾಲ್ಕೈದು ಪದ ಮಾತ್ರ. ಸಂಪಾದಕರಿಗೆ ಫೋನ್ ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲಿ ಫೈಲ್ ಇದೆ, ಅದರ ತಾರೀಖು ನೋಡಿ ಅಂದೆ. ಅವರು ಮರ್ಯಾದೆಯಿಂದಲೇ ಹೇಳಿದರು: "ಮೇಡಂ, ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಸೇವ್ ಮಾಡಿದ್ರೆ ಫೈಲಿನ ತಾರೀಖೂ ಹಿಂದಕ್ಕೇ ಬೀಳುತ್ತಲ್ವಾ?"

ಸಿಟ್ಟು ಬಂತು. ಆದರೆ ಅವರ ಮಾತು ಸರಿಯಾಗಿತ್ತು. ಆ ರಾತ್ರಿ ನಾನೇ ಪರೀಕ್ಷೆ ಮಾಡಿ ನೋಡಿದೆ. ಗಡಿಯಾರವನ್ನು 2009ಕ್ಕೆ ತಿರುಗಿಸಿ ಒಂದು ಖಾಲಿ ಫೈಲ್ ಉಳಿಸಿದೆ. ನನ್ನ ಲ್ಯಾಪ್‌ಟಾಪ್ ತಯಾರಾಗುವುದಕ್ಕೂ ಮೊದಲೇ ಆ ಫೈಲ್ ಹುಟ್ಟಿಬಿಟ್ಟಿತ್ತು!

ನಮ್ಮ ಹಿರಿಯರಿಗೆ ಈ ಕಷ್ಟ ಗೊತ್ತಿತ್ತು. ತಾರೀಖು, ಮೊಹರು, ದಸ್ತಾವೇಜು ಎಂಬ ಪದಗಳೆಲ್ಲ ಫಾರ್ಸಿ-ಉರ್ದು ಕಚೇರಿಗಳ ದಾರಿಯಿಂದಲೇ ಕನ್ನಡಕ್ಕೆ ಬಂದವು. ನಮ್ಮ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಜ್ಜನ ಕಾಲದ ಜಮೀನು ಕಾಗದಗಳು ಈಗಲೂ ಮನೆಯ ಟ್ರಂಕಿನಲ್ಲಿ ಉರ್ದುವಿನಲ್ಲೇ ಇವೆ. ಅದರಲ್ಲಿ ಅಜ್ಜ ತಾವೇ ಬರೆದ ತಾರೀಖಿಗೆ ಬೆಲೆಯಿಲ್ಲ, ಬೆಲೆ ಇರುವುದು ಕಚೇರಿ ಹಾಕಿದ ಮೊಹರಿಗೆ. ತನ್ನ ಕಾಗದಕ್ಕೆ ತಾನೇ ಗವಾಹಿ ಆಗೋಕೆ ಆಗಲ್ಲ. ಕೆಲವು ಬರಹಗಾರರು ಹಸ್ತಪ್ರತಿಯನ್ನು ಲಕೋಟೆಗೆ ಹಾಕಿ, ತಮ್ಮ ವಿಳಾಸಕ್ಕೇ ರಿಜಿಸ್ಟರ್ ಪೋಸ್ಟ್ ಮಾಡಿ, ಒಡೆಯದೆ ಇಟ್ಟುಕೊಳ್ಳುತ್ತಿದ್ದುದುಂಟು. ಅಂಚೆಯ ಮೊಹರೇ ಸಾಕ್ಷಿ ಎಂಬ ನಂಬಿಕೆ.

ಇದನ್ನೇ ಕಂಪ್ಯೂಟರ್ ಫೈಲಿಗೆ ಮಾಡುವುದು ಹೇಗೆಂದು 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟ ಎಂಬ ಇಬ್ಬರು ಒಂದು ಪ್ರಬಂಧದಲ್ಲಿ ತೋರಿಸಿದರು. 1995ರಿಂದ ಅವರ ಕಂಪನಿ ತನ್ನ ದಾಖಲೆಗಳ ಒಟ್ಟು ಗುರುತನ್ನು ಪ್ರತಿ ವಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಲಕ್ಷಾಂತರ ಜನರ ಮನೆ ಸೇರಿದ ಪೇಪರನ್ನು ಯಾರು ತಾನೇ ತಿದ್ದಿಯಾರು? ಈಗ ಬಳಕೆಯಲ್ಲಿರುವ ಕ್ರಮ 2001ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 3161 ಎಂಬ ಹೆಸರಲ್ಲಿ ಬಂದದ್ದು. ಇದಕ್ಕೆ ವಿಶ್ವಾಸಾರ್ಹ ಸಮಯಮುದ್ರೆ, ಅಂದರೆ ಟ್ರಸ್ಟೆಡ್ ಟೈಮ್‌ಸ್ಟ್ಯಾಂಪ್ ಎನ್ನುತ್ತಾರೆ.

ಮೊದಲು ಹ್ಯಾಶ್ ಅಂದರೇನು ತಿಳಿಯಬೇಕು. ಇದನ್ನು ನಾನು ಕ್ಲಾಸಿನಲ್ಲಿ ಉರ್ದು ಅಕ್ಷರದಿಂದಲೇ ಹೇಳುತ್ತೇನೆ. ಉರ್ದುವಿನಲ್ಲಿ ಖುದಾ ಎಂದು ಬರೆಯುವಾಗ ಮೊದಲ ಅಕ್ಷರದ ಮೇಲೆ ಒಂದು ನುಖ್ತಾ, ಅಂದರೆ ಚುಕ್ಕೆ. ಅದೇ ಚುಕ್ಕೆ ಕೆಳಗೆ ಇಳಿದರೆ ಜುದಾ, ಅಂದರೆ ಬೇರೆಯಾದದ್ದು. ಹ್ಯಾಶ್ ಇನ್ನೂ ನಾಜೂಕು. ಎಸ್‌ಎಚ್‌ಎ-256 ಎಂಬ ಲೆಕ್ಕ ಎಷ್ಟೇ ದೊಡ್ಡ ಫೈಲನ್ನೂ 64 ಅಂಕಿ-ಅಕ್ಷರಗಳ ಒಂದು ಸಾಲಿಗೆ ಇಳಿಸುತ್ತದೆ. ಮುನ್ನೂರು ಪುಟದ ಪುಸ್ತಕದಲ್ಲಿ ಒಂದು ಚುಕ್ಕೆ ಸರಿದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಸಾಲಿನಿಂದ ಪುಸ್ತಕವನ್ನು ಮರಳಿ ಪಡೆಯುವುದು ಮಾತ್ರ ಸಾಧ್ಯವಿಲ್ಲ. ಹೆಬ್ಬೆರಳ ಗುರುತಿನಿಂದ ಮನುಷ್ಯನ ಮುಖ ಬಿಡಿಸಲು ಬರುತ್ತದೆಯೇ? ಹಾಗೆ.

ಸಮಯಮುದ್ರೆಗೆ ನೀವು ಕಳಿಸುವುದು ಈ ಬೆರಳಚ್ಚನ್ನು ಮಾತ್ರ. ಕಥೆ ನಿಮ್ಮ ಹತ್ತಿರವೇ ಇರುತ್ತದೆ. ಮುದ್ರೆ ಹಾಕುವ ಸಂಸ್ಥೆ ಬೆರಳಚ್ಚಿನ ಪಕ್ಕ ತನ್ನ ಗಡಿಯಾರದ ಸಮಯ ಬರೆದು, ಎರಡಕ್ಕೂ ಸೇರಿಸಿ ತನ್ನ ಡಿಜಿಟಲ್ ರುಜು ಹಾಕಿ ವಾಪಸ್ ಕೊಡುತ್ತದೆ. ಅದಕ್ಕೆ ನೀವು ಯಾರೆಂದು ಗೊತ್ತಿಲ್ಲ, ಕಥೆಯಲ್ಲಿ ಏನಿದೆ ಎಂದೂ ಗೊತ್ತಿಲ್ಲ. ಸಾಕ್ಷಿಯಾಗಿ ಅದಕ್ಕೆ ಬೆಲೆ ಬರುವುದು ಇದರಿಂದಲೇ.

ಈಗ ಕೆಲಸಕ್ಕೆ ಬರೋಣ. ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ ಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ವಿಂಡೋಸ್‌ನವರು ಗಿಟ್ ಹಾಕಿಕೊಂಡರೆ ಅದರ ಜೊತೆಗೇ ಬರುತ್ತದೆ, ಗಿಟ್ ಬ್ಯಾಶ್ ಕಿಟಕಿ ತೆರೆದರೆ ಆಯಿತು. ಇಲ್ಲಿ ಮೌಸ್ ಇಲ್ಲ, ಬಟನ್ ಇಲ್ಲ, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ಹೆದರಬೇಡಿ, ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರು ಎರಡು ಪೀರಿಯಡ್‌ನಲ್ಲಿ ಕಲಿತಿದ್ದಾರೆ. ಕೆಳಗಿನದನ್ನು ಉಕ್ತಲೇಖನದ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ.

ಮೊದಲು ಅರ್ಜಿ ತಯಾರಿಸಬೇಕು:

ಓಪನ್‌ಎಸ್‌ಎಸ್‌ಎಲ್ ಟಿಎಸ್ -ಕ್ವೆರಿ -ಡೇಟಾ ಕಥೆ.ಪಿಡಿಎಫ್ -ಎಸ್‌ಎಚ್‌ಎ256 -ಸರ್ಟ್ -ಔಟ್ ಕಥೆ.ಟಿಎಸ್‌ಕ್ಯೂ

ಟಿಎಸ್ ಅಂದರೆ ಟೈಮ್‌ಸ್ಟ್ಯಾಂಪ್, ಕ್ವೆರಿ ಅಂದರೆ ಅರ್ಜಿ. ಮುದ್ರೆ ಹಾಕುವವರ ಪ್ರಮಾಣಪತ್ರವೂ ಉತ್ತರದ ಜೊತೆಗೇ ಬರಲಿ ಎಂದು ಕೇಳುವುದು ಸರ್ಟ್. ಹುಟ್ಟುವ ಅರ್ಜಿ ನೂರು ಬೈಟ್ ಕೂಡ ಇರುವುದಿಲ್ಲ. ಅದನ್ನು ಕಳಿಸಲು ಕರ್ಲ್ ಎಂಬ ಇನ್ನೊಂದು ಆಜ್ಞೆ. ಅದಕ್ಕೆ ನಾಲ್ಕು ವಿಷಯ ಹೇಳಬೇಕು: ಕಳಿಸುತ್ತಿರುವುದು 'ಅಪ್ಲಿಕೇಶನ್/ಟೈಮ್‌ಸ್ಟ್ಯಾಂಪ್-ಕ್ವೆರಿ' ಎಂಬ ಜಾತಿಯದು, ಅರ್ಜಿಯ ಫೈಲ್ ಯಾವುದು, ಹೋಗಬೇಕಾದ ವಿಳಾಸ (ನಾನು ಬಳಸುವುದು ಫ್ರೀಟಿಎಸ್‌ಎ ಎಂಬ ಉಚಿತ ಸೇವೆ, ಡಿಜಿಸರ್ಟ್ ಕಂಪನಿಯದೂ ಒಂದಿದೆ), ಉತ್ತರವನ್ನು ಕಥೆ.ಟಿಎಸ್‌ಆರ್ ಎಂಬ ಹೆಸರಲ್ಲಿ ಉಳಿಸು. ಇಲ್ಲಿ ನಾನು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ, ನೀವು ಮಾಡಿಕೊಳ್ಳಬೇಡಿ. ಅರ್ಜಿಯ ಫೈಲನ್ನು '--ಡೇಟಾ-ಬೈನರಿ' ಎಂದೇ ಕೊಡಬೇಕು. ಬರೀ 'ಡೇಟಾ' ಎಂದರೆ ಕರ್ಲ್ ಅದನ್ನು ಪಠ್ಯ ಎಂದುಕೊಂಡು ಒಳಗಿನ ಸಾಲುಮುರಿತದ ಗುರುತುಗಳನ್ನು ಕಿತ್ತುಹಾಕುತ್ತದೆ, ಅರ್ಜಿ ಕೆಡುತ್ತದೆ.

ಉತ್ತರವನ್ನು ಓದಲು 'ಓಪನ್‌ಎಸ್‌ಎಸ್‌ಎಲ್ ಟಿಎಸ್ -ರಿಪ್ಲೈ -ಇನ್ ಕಥೆ.ಟಿಎಸ್‌ಆರ್ -ಟೆಕ್ಸ್ಟ್'. ತಾರೀಖು, ಗಂಟೆ, ನಿಮಿಷ ಎಲ್ಲ ಕಾಣುತ್ತದೆ. ಸಮಯ ಗ್ರೀನಿಚ್ ಲೆಕ್ಕದ್ದು, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಮುದ್ರೆ ಹಾಕಿಸಿದರೆ ಹಿಂದಿನ ದಿನದ ತಾರೀಖು ಕಾಣುವುದು ಇದರಿಂದ.

ಕೊನೆಯದು ಪರಿಶೀಲನೆ. '-ವೆರಿಫೈ' ಎಂದು ಕೊಟ್ಟು, '-ಡೇಟಾ'ದ ಮುಂದೆ ಮೂಲ ಫೈಲ್, '-ಇನ್' ಮುಂದೆ ಉತ್ತರ, '-ಸಿಎಫೈಲ್' ಮುಂದೆ ಆ ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಂಡ ಮೂಲ ಪ್ರಮಾಣಪತ್ರ. ಎಲ್ಲ ಕೂಡಿದರೆ 'ವೆರಿಫಿಕೇಶನ್: ಓಕೆ' ಬರುತ್ತದೆ. ಹಲವರು ಇಲ್ಲಿ ಮೂಲ ಫೈಲಿನ ಬದಲು ಅರ್ಜಿಯ ಫೈಲನ್ನೇ ಕೊಟ್ಟು ಓಕೆ ಬಂತು ಅಂತ ಖುಷಿಪಡುತ್ತಾರೆ. ಅದರಿಂದ ಗೊತ್ತಾಗುವುದು ಅರ್ಜಿಗೂ ಉತ್ತರಕ್ಕೂ ಹೊಂದಿಕೆ ಇದೆ ಅಂತ ಅಷ್ಟೇ. ನಿಮ್ಮ ಕೈಯಲ್ಲಿರುವ ಕಥೆ ಅದೇ ಹೌದೋ ಅಲ್ಲವೋ ಎನ್ನುವುದು ಗೊತ್ತಾಗಲ್ಲ.

ಇದೆಲ್ಲ ಏನನ್ನು ಸಾಬೀತು ಮಾಡುತ್ತದೆ? ಈ ಫೈಲ್, ಇದೇ ರೂಪದಲ್ಲಿ, ಆ ಹೊತ್ತಿಗೆ ಇತ್ತು. ಅಷ್ಟೇ. ಬರೆದವರು ನಾನೇ ಅಂತ ಅದು ಹೇಳುವುದಿಲ್ಲ. ಒಳಗಿರುವುದು ನಿಜ ಅಂತಲೂ ಹೇಳುವುದಿಲ್ಲ, ಸುಳ್ಳು ಕಾಗದಕ್ಕೂ ಮುದ್ರೆ ಬೀಳುತ್ತದೆ. ಆದರೆ ನನ್ನ ಜಗಳದಲ್ಲಿ ಅಷ್ಟೇ ಸಾಕಾಗುತ್ತಿತ್ತು: ಅವರ ಪತ್ರಿಕೆ ಬರುವ ಎಂಟು ತಿಂಗಳ ಮೊದಲೇ ಅದು ನನ್ನ ಹತ್ತಿರ ಇತ್ತು ಎಂದು ತೋರಿಸಬಹುದಿತ್ತು.

ಕೋರ್ಟಿನ ಮಾತು ಬಂದರೆ ಸ್ವಲ್ಪ ಎಚ್ಚರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಅಂದರೆ ಈ 64 ಅಕ್ಷರದ ಸಾಲು ಈಗ ವಕೀಲರಿಗೂ ಬೇಕು. ಆದರೆ ವಿದೇಶದ ಉಚಿತ ಸೇವೆಯ ಮುದ್ರೆಯನ್ನು ಪೂರಕ ಸಾಕ್ಷಿ ಎಂದಷ್ಟೇ ತಿಳಿಯಿರಿ. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳಿವೆ. ಬೆಂಗಳೂರಿನ ಇಮುದ್ರಾ ಅಂಥದ್ದು. ಇಲ್ಲೇ ಮಾಸಾಬ್ ಟ್ಯಾಂಕಿನಲ್ಲಿ ರಿಸರ್ವ್ ಬ್ಯಾಂಕ್ 1996ರಲ್ಲಿ ಕಟ್ಟಿದ ಐಡಿಆರ್‌ಬಿಟಿ ಬ್ಯಾಂಕುಗಳಿಗಾಗಿ ಈ ಕೆಲಸ ಮಾಡುತ್ತದೆ. ಆಸ್ತಿಪಾಸ್ತಿಯ ವಿಷಯವಾದರೆ ಮೊದಲು ವಕೀಲರನ್ನು ಕೇಳಿ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ನಾನಿಯ ಉರ್ದು ಡೈರಿಯನ್ನು ಸ್ಕ್ಯಾನ್ ಮಾಡಿ ತಂದಳು. ಪುಟಗಳು ಅಂಚಿನಿಂದ ಪುಡಿಯಾಗುತ್ತಿದ್ದವು. ಮುಂದೆ ಯಾರಾದರೂ ಅಚ್ಚು ಹಾಕಿಸುವಾಗ ಒಂದು ಪುಟ ಬಿಟ್ಟರೂ, ಸೇರಿಸಿದರೂ ತಿಳಿಯಬೇಕು ಅನ್ನೋದು ಅವಳ ಆಸೆ. ಇಬ್ಬರೂ ಕೂತು ಮುದ್ರೆ ಹಾಕಿಸಿದೆವು. ವಾರದ ನಂತರ ಓಡಿ ಬಂದಳು: "ಮೇಡಂ, ಭಾಯಿ ಹತ್ರ ಇರೋ ಪುಟಗಳಲ್ಲಿ ಒಂದೂ ಓಕೆ ಬರ್ತಿಲ್ಲ, ಎಲ್ಲ ಫೇಲ್ಡ್!" ವಿಚಾರಿಸಿದರೆ ಅವಳು ಪುಟಗಳನ್ನು ಅಣ್ಣನಿಗೆ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ್ದಳು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ. ಕಣ್ಣಿಗೆ ಅದೇ ಪುಟ, ಬೆರಳಚ್ಚು ಮಾತ್ರ ಬೇರೆ. ಡಾಕ್ಯುಮೆಂಟ್ ಎಂದು ಆರಿಸಿ ಮತ್ತೆ ಕಳಿಸಿದ ಮೇಲೆ ಎಲ್ಲ ಓಕೆ ಬಂತು. ಈಗ ಮೂಲ ಸ್ಕ್ಯಾನ್, ಟಿಎಸ್‌ಆರ್ ಉತ್ತರ, ಮೂಲ ಪ್ರಮಾಣಪತ್ರ, ಈ ಮೂರನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಒಂದು ಪೆನ್‌ಡ್ರೈವ್ ಅವಳ ಹತ್ತಿರ, ಇನ್ನೊಂದು ಗುಲಬರ್ಗಾದಲ್ಲಿರುವ ಖಾಲಾ ಮನೆಯಲ್ಲಿದೆ. ಆ ಪ್ರಮಾಣಪತ್ರಕ್ಕೂ ಒಂದು ಅವಧಿ ಇರುತ್ತದೆ. ಅದು ಮುಗಿಯುವ ಮೊದಲು ಹಳೆಯ ಮುದ್ರೆಯನ್ನೂ ಸೇರಿಸಿ ಹೊಸದಾಗಿ ಮುದ್ರೆ ಹಾಕಿಸಬೇಕು ಅಂತ ಪೆನ್‌ಡ್ರೈವಿಗೆ ಒಂದು ಚೀಟಿ ಅಂಟಿಸಿದ್ದಾಳೆ, ಉರ್ದುವಿನಲ್ಲೂ ಕನ್ನಡದಲ್ಲೂ.