ನೆರೆಮನೆಯ ಬಾಧೆ ಮತ್ತು ನಿಯಮದ ಮೇರೆ

ಮನೆಯೊಡೆಯನಿಗೆ ತನ್ನ ನಿವೇಶನದ ಮೇಲೆ ಪೂರ್ಣಾಧಿಕಾರವುಂಟೆಂಬುದು ಲೋಕದ ತಿಳಿವಳಿಕೆ. ಆದರೆ ಅವನ ಬಚ್ಚಲಿನ ನೀರಿಗೂ ತಿಪ್ಪೆಯ ದುರ್ಗಂಧಕ್ಕೂ ನಿವೇಶನದ ಮೇರೆ ತಿಳಿಯದು. ಅವು ಗೋಡೆಯನ್ನು ದಾಟಿ ನೆರೆಯವರ ಅಂಗಳವನ್ನು ಹೊಗುತ್ತವೆ. ಸ್ವಾಮ್ಯವು ಎಲ್ಲಿ ಮುಗಿದು ಉಪದ್ರವವು ಎಲ್ಲಿ ಮೊದಲಾಗುತ್ತದೆಂಬುದನ್ನು ಪೂರ್ವಿಕರು ಬಹು ಹಿಂದೆಯೇ ವಿಚಾರಮಾಡಿದ್ದರು.

ಇದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಮೈಸೂರಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು, ಇದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಗ್ರಂಥದ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುವಿನ ವ್ಯವಹಾರವು ನಿರೂಪಿತವಾಗಿದೆ. ನೀರು ಹರಿಯುವ ಕಾಲುವೆಯನ್ನು ನೆರೆಯವನ ಗೋಡೆಯಿಂದ ಮೂರು ಪಾದ ಅಥವಾ ಒಂದೂವರೆ ಮೊಳ ದೂರದಲ್ಲಿ ತೆಗೆಯತಕ್ಕದ್ದು. ಮೀರಿದವನಿಗೆ 54 ಪಣ ದಂಡ. ತಿಪ್ಪೆಗುಂಡಿ, ಬಚ್ಚಲುಮೋರಿ, ಬಾವಿಗಳನ್ನು ಸಲ್ಲದ ಸ್ಥಳದಲ್ಲಿ ಮಾಡಲಾಗದು. ಆದರೆ ಹೆರಿಗೆಯಾದ ಮನೆಯಲ್ಲಿ ಹತ್ತು ದಿನದ ಮಟ್ಟಿಗೆ ತೋಡಿದ ಗುಂಡಿಗೆ ವಿನಾಯಿತಿಯುಂಟು. ದಂಡನೀತಿಯಲ್ಲಿಯೂ ಬಾಣಂತಿಯ ಮೇಲಿನ ಕರುಣೆ ಅಳಿದಿಲ್ಲ. ಇನ್ನು ಎರಡನೆಯ ಅಧಿಕರಣದ ಪ್ರಕಾರ ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ ದಂಡ.

ಈ ಮರ್ಯಾದೆ ಇಂದಿನ ಶಾಸನದಲ್ಲಿಯೂ ಬೇರೊಂದು ರೂಪದಲ್ಲಿ ಮುಂದುವರಿದಿದೆ. ಬಾಧೆಯು ಒಬ್ಬ ನೆರೆಯವನಿಗಷ್ಟೇ ಆದರೆ ಅವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಸುತ್ತಣ ಜನಕ್ಕೆಲ್ಲ ಆದರೆ ಅದು ಸಾರ್ವಜನಿಕ ಉಪದ್ರವ. 1860ರ ದಂಡಸಂಹಿತೆಯಲ್ಲಿದ್ದ ಅದರ ಲಕ್ಷಣವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 270ನೆಯ ಕಲಮಿನಲ್ಲಿದೆ. ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಂತೆ ದಂಡಾಧಿಕಾರಿಯು, ಉಪದ್ರವವನ್ನು ನಿಯತ ಕಾಲದೊಳಗೆ ನಿವಾರಿಸಬೇಕು, ಇಲ್ಲವೇ ಹಾಜರಾಗಿ ಕಾರಣ ತಿಳಿಸಬೇಕು ಎಂದು ಆಜ್ಞಾಪಿಸಬಹುದು.

ನಿಯಮವನ್ನು ನಡೆಸಬೇಕಾದ ಸಂಸ್ಥೆಯೇ ಉದಾಸೀನವಾದರೆ ಗತಿಯೇನು? ಮಧ್ಯಪ್ರದೇಶದ ರತ್ಲಾಮ್ ಪಟ್ಟಣದಲ್ಲಿ ತೆರೆದ ಚರಂಡಿ, ಮಲದ ದುರ್ಗಂಧಗಳಿಂದ ಬೇಸತ್ತ ನಿವಾಸಿಗಳು ದಂಡಾಧಿಕಾರಿಗೆ ಮೊರೆಯಿಟ್ಟರು. ಚರಂಡಿ ಕಟ್ಟಿಸುವಂತೆ ಆಜ್ಞೆಯಾದಾಗ ಪುರಸಭೆಯು ಹಣವಿಲ್ಲವೆಂದು ವಾದಿಸಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಈ ವಾದವನ್ನು ತಳ್ಳಿಹಾಕಿ, ಊರಿನ ಆರೋಗ್ಯವನ್ನು ಕಾಯುವ ಮೂಲ ಕರ್ತವ್ಯಕ್ಕೆ ಧನಾಭಾವವು ನೆಪವಾಗಲಾರದೆಂದು ತೀರ್ಪಿತ್ತರು.

ಆದರೂ ನ್ಯಾಯಾಲಯವು ಕಡೆಯ ಮೆಟ್ಟಿಲು. ಮೊಕದ್ದಮೆ ಮುಗಿದ ಮೇಲೂ ವಾದಿ ಪ್ರತಿವಾದಿಗಳು ಅದೇ ಗೋಡೆಯ ಎರಡು ಮಗ್ಗುಲಲ್ಲಿ ಬಾಳಬೇಕಾದವರು. ದಂಡಗಳನ್ನು ಎಣಿಸಿ ಹೇಳಿದ ಕೌಟಿಲ್ಯನೇ, ಮನೆಯೊಡೆಯರು ಒಟ್ಟುಗೂಡಿ ತಮಗೆ ಒಪ್ಪಿದಂತೆ ಏರ್ಪಾಡು ಮಾಡಿಕೊಂಡು ಅನಿಷ್ಟವನ್ನು ವಾರಿಸಿಕೊಳ್ಳಬಹುದೆಂದೂ ವಿಧಿಸಿರುವನು. ತನ್ನ ಅಂಗಳವನ್ನು ಗುಡಿಸಿದವನು ಆ ಕಸವನ್ನು ಎಲ್ಲಿ ಹಾಕಿದನೆಂಬುದರಲ್ಲಿಯೇ ಅವನ ಪೌರಧರ್ಮದ ಪರೀಕ್ಷೆ. ಈ ಪಾಠವು ಶಾಲೆಯ ಅಂಗಳದಲ್ಲಿ ಮೊದಲಾದರೆ ಊರಿನ ಬೀದಿಯಲ್ಲಿ ದಂಡಕ್ಕೆ ಕೆಲಸವು ಕಡಿಮೆಯಾದೀತು.