ಮೊಮ್ಮಗಳ ದ್ವೀಪದಲ್ಲಿ ಐದು ತಿಂಗಳು

ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ. ನನಗೆ 67 ವರ್ಷ. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ಅಲ್ಲೇ ತಲೆಗೂದಲು ಬೆಳ್ಳಗಾಗಿ ನಿವೃತ್ತಳಾದವಳು ನಾನು. ವಿಡಿಯೊ ಗೇಮ್ ಎಂದರೆ ಗುಂಡು ಹಾರಿಸುವುದು, ಕಾರು ಗುದ್ದಿಸುವುದು, ಊಟಕ್ಕೆ ಕರೆದರೆ ‘ಐದೇ ನಿಮಿಷ’ ಅನ್ನುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಅಂಥವಳು ಈಗ ಒಂದು ಗೇಮಿನ ಬಗ್ಗೆ ಅಭಿಪ್ರಾಯ ಬರೆಯಲು ಕುಳಿತಿದ್ದೇನೆ. ನನ್ನ ವಯಸ್ಸಿನ ಓದುಗರು ನಗಬೇಡಿ. ನಿಮಗೂ ಈ ಗತಿ ಬರಬಹುದು.

ಆದದ್ದು ಹೀಗೆ. ಮಗಳ ಬಾಣಂತನಕ್ಕೆಂದು 2019ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಹೋದೆ. ಮಾರ್ಚ್ ಕೊನೆಗೆ ವಾಪಸು ಟಿಕೆಟ್ ಇತ್ತು. ಅಷ್ಟರಲ್ಲಿ ಕೊರೊನಾ ಬಂತು, ಭಾರತಕ್ಕೆ ಬರುವ ವಿಮಾನಗಳೆಲ್ಲ ನಿಂತವು. ನಮ್ಮ ಮನೆಯವರು ಶಿವಮೊಗ್ಗದಲ್ಲಿ ಒಬ್ಬರೇ, ನಾನು ಇಲ್ಲಿ. ಅದೇ ವಾರ, ಮಾರ್ಚ್ 20ಕ್ಕೆ, ಮೊಮ್ಮಗಳು ಆರು ತಿಂಗಳಿಂದ ಕಾಯುತ್ತಿದ್ದ ಗೇಮ್ ಬಿಡುಗಡೆಯಾಯಿತು. ಹೆಸರು ‘ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’. ಜಪಾನಿನ ನಿಂಟೆಂಡೊ ಕಂಪನಿಯದು. ಸ್ವಿಚ್ ಎಂಬ, ಕೈಯಲ್ಲೂ ಹಿಡಿಯಬಹುದಾದ, ಟಿವಿಗೂ ಜೋಡಿಸಬಹುದಾದ ಯಂತ್ರದಲ್ಲಿ ಆಡುವಂಥದ್ದು. ಮೊಮ್ಮಗಳಿಗೆ ಶಾಲೆ ಇಲ್ಲ, ಗೆಳತಿಯರ ಮನೆ ಇಲ್ಲ. “ಅಜ್ಜಿ, ನೀನೂ ಒಂದು ಗುಡಾರ ಹಾಕು” ಅಂದಳು. ಹಾಕಿದೆ.

ಈ ಆಟದಲ್ಲಿ ಗೆಲ್ಲುವುದು, ಸೋಲುವುದು ಇಲ್ಲ. ಖಾಲಿ ದ್ವೀಪಕ್ಕೆ ಹೋಗಿ ಇಳಿಯುತ್ತೀರಿ. ಗುಡಾರದಲ್ಲಿ ಮಲಗಿ, ಗಾಳ ಹಾಕಿ ಮೀನು ಹಿಡಿದು, ಬಲೆ ಬೀಸಿ ಚಿಟ್ಟೆ ಹಿಡಿದು, ಹಣ್ಣು ಕಿತ್ತು, ಮಾರಿ, ಮನೆ ಕಟ್ಟಿಕೊಳ್ಳುತ್ತೀರಿ. ನೆರೆಹೊರೆಯವರೆಲ್ಲ ಪ್ರಾಣಿಗಳು. ಕರಡಿ, ಕಪ್ಪೆ, ಬಾತುಕೋಳಿ, ಹೀಗೆ. ಮಾತಾಡುತ್ತಾರೆ, ಉಡುಗೊರೆ ಕೊಡುತ್ತಾರೆ, ಒಮ್ಮೊಮ್ಮೆ ಮುನಿಸಿಕೊಳ್ಳುತ್ತಾರೆ. ಊರಿಗೆ ಯಜಮಾನನಂತಿರುವವನು ಟಾಮ್ ನುಕ್. ಅವನು ತನುಕಿ, ಅಂದರೆ ಜಪಾನಿನ ಕಾಡುಗಳಲ್ಲಿರುವ ನಾಯಿಯ ಜಾತಿಯ ಒಂದು ಪ್ರಾಣಿ. ಅಲ್ಲಿನ ಜನಪದ ಕತೆಗಳಲ್ಲಿ ತನುಕಿ ತಲೆಯ ಮೇಲೆ ಎಲೆ ಇಟ್ಟುಕೊಂಡು ಬೇಕಾದ ವೇಷ ತೊಡುತ್ತದಂತೆ. ಈ ಟಾಮ್ ನುಕ್ ಮಾತ್ರ ಸಾಲ ಕೊಡುತ್ತಾನೆ. ಮನೆ ಕಟ್ಟಲು ಮೊದಲ ಸಾಲ 98,000 ಬೆಲ್. ಬೆಲ್ ಎಂದರೆ ಅಲ್ಲಿನ ನಾಣ್ಯ. ಬಡ್ಡಿ ಇಲ್ಲ, ಕಂತಿನ ಗಡುವಿಲ್ಲ, ಜಾಮೀನಿಲ್ಲ. ಇಂಥ ಸಾಲ ನಾನು ಸೇವೆಯಲ್ಲಿದ್ದಷ್ಟೂ ಕಾಲ ಎಲ್ಲೂ ನೋಡಲಿಲ್ಲ.

ಇದು ಹೊಸ ಆಟವಲ್ಲ, ಮುಂದುವರಿದ ಭಾಗ. ಮೊದಲನೆಯದು ‘ದೊಬುತ್ಸು ನೊ ಮೊರಿ’, ಅಂದರೆ ‘ಪ್ರಾಣಿಗಳ ಕಾಡು’, 2001ರ ಏಪ್ರಿಲಿನಲ್ಲಿ ಜಪಾನಿನಲ್ಲಿ ಬಂತು. ನ್ಯೂ ಹೊರೈಜನ್ಸ್ ಈ ಸಾಲಿನ ಐದನೆಯ ಮುಖ್ಯ ಆಟ. ಇದರ ನಿರ್ದೇಶಕಿ ಅಯಾ ಕ್ಯೋಗೊಕು. ಮೊದಲ ಆಟ ಹುಟ್ಟಿದ ಕಾರಣ ಕೇಳಿದಾಗ ನನಗೆ ಅದರ ಮೇಲೆ ಪ್ರೀತಿ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕತ್ಸುಯಾ ಎಗುಚಿ, ನಿಂಟೆಂಡೊ ಕೆಲಸಕ್ಕಾಗಿ ಚಿಬಾ ಎಂಬ ಕಡೆಯಿಂದ ಕ್ಯೋಟೊ ನಗರಕ್ಕೆ ಬಂದವರು. ಮನೆಯವರು, ಗೆಳೆಯರು ಎಲ್ಲ ಹಿಂದೆ ಉಳಿದರು. ಜೊತೆಗಿದ್ದಾಗ ಗೊತ್ತಾಗದಿದ್ದದ್ದು ಆಗ ಗೊತ್ತಾಯಿತು. ಆ ಜೊತೆಯನ್ನು ಆಟದಲ್ಲಾದರೂ ಕಟ್ಟಬಹುದೇ ಎಂದು ಯೋಚಿಸಿದರು. ನಾನು ನ್ಯೂಜೆರ್ಸಿಯಲ್ಲಿ, ನಮ್ಮ ಮನೆಯವರು ಶಿವಮೊಗ್ಗದಲ್ಲಿ, ನಡುವೆ ಒಂಬತ್ತೂವರೆ ಗಂಟೆಯ ಅಂತರ. ಎಗುಚಿಯವರ ಕಷ್ಟ ನನಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಈ ಆಟದ ಹೆಚ್ಚುಗಾರಿಕೆ ಅದರ ಗಡಿಯಾರ. ಹೊರಗೆ ಬೆಳಗಾದರೆ ದ್ವೀಪದಲ್ಲೂ ಬೆಳಗು. ಹೊರಗೆ ಮಾರ್ಚ್ ಆದರೆ ಅಲ್ಲೂ ಮಾರ್ಚ್. ಏಪ್ರಿಲ್ ಮೊದಲ ವಾರ ಚೆರ್ರಿ ಮರಗಳು ಗುಲಾಬಿ ಬಣ್ಣ ಬಳಿದುಕೊಳ್ಳುತ್ತವೆ, ಬೇಸಿಗೆಯಲ್ಲಿ ಜೀರುಂಡೆ ಕಿರುಗುಟ್ಟುತ್ತದೆ. ನೀವು ಭೂಮಿಯ ಉತ್ತರಾರ್ಧದಲ್ಲಿದ್ದೀರೋ ದಕ್ಷಿಣಾರ್ಧದಲ್ಲಿದ್ದೀರೋ ಎಂದು ಮೊದಲೇ ಕೇಳುತ್ತದೆ. ಈ ಅನುಕೂಲ ಹಿಂದಿನ ಭಾಗಗಳಲ್ಲಿ ಇರಲಿಲ್ಲ. ಅಂಗಡಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತದೆ. ಸೇತುವೆಗೆ ದುಡ್ಡು ಕಟ್ಟಿದರೂ ಅದು ಏಳುವುದು ಮರುದಿನವೇ. ನೆಲದಲ್ಲಿ ಹುದುಗಿದ ಹಳೆಯ ಪಳೆಯುಳಿಕೆಗಳು ದಿನಕ್ಕೆ ನಾಲ್ಕೇ ಸಿಗುತ್ತವೆ. ಅಗೆದು ಮುಗಿದರೆ ಮುಗಿಯಿತು, ನಾಳೆ ಬಾ. ಮೊಮ್ಮಗಳಿಗೆ “ಸಾಕು, ಇಡು” ಎಂದು ಮಗಳು ಹೇಳಬೇಕಾದ ಪ್ರಸಂಗ ಅರ್ಧಕ್ಕರ್ಧ ಕಡಿಮೆಯಾಯಿತು.

ಆಟವೇನೋ ಕಾಯಿಸುತ್ತದೆ, ಮಕ್ಕಳು ಕಾಯುತ್ತಾರೆಯೇ? ಯಂತ್ರದ ಗಡಿಯಾರವನ್ನೇ ತಿರುಗಿಸಿದರೆ ದ್ವೀಪದ ದಿನವೂ ಬದಲಾಗುತ್ತದೆ ಎಂದು ನಮ್ಮ ಹುಡುಗಿ ಎಲ್ಲೋ ಕೇಳಿದ್ದಳು. ಇಲ್ಲಿ ನನ್ನ ಟರ್ನಿಪ್ ಕತೆ ಹೇಳಲೇಬೇಕು.

ಟರ್ನಿಪ್ ಎಂದರೆ ಮೂಲಂಗಿಯ ಬಳಗದ ದುಂಡನೆಯ ಬಿಳಿ ಗಡ್ಡೆ. ಭಾನುವಾರ ಬೆಳಗ್ಗೆ ಡೇಸಿ ಮೇ ಎಂಬ ಹಂದಿಮರಿ ಅದನ್ನು ತಲೆಯ ಮೇಲೆ ಹೊತ್ತು ಮಾರಲು ಬರುತ್ತಾಳೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟುಬಿಡುತ್ತಾಳೆ. ಒಂದಕ್ಕೆ 90ರಿಂದ 110 ಬೆಲ್. ಸೋಮವಾರದಿಂದ ಶನಿವಾರದವರೆಗೆ ಅಂಗಡಿಯವರು ಕೊಳ್ಳುವ ಬೆಲೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಏರಬಹುದು, ಇಳಿಯಬಹುದು. ಮುಂದಿನ ಭಾನುವಾರದೊಳಗೆ ಮಾರದಿದ್ದರೆ ಕೊಳೆತುಹೋಗುತ್ತದೆ. ಜಪಾನಿ ಭಾಷೆಯಲ್ಲಿ ‘ಕಬು’ ಎಂದರೆ ಟರ್ನಿಪ್ಪೂ ಹೌದು, ಕಂಪನಿಯ ಷೇರೂ ಹೌದು. (ನಮ್ಮ ಕಬ್ಬಿಗೂ ಇದಕ್ಕೂ ಸಂಬಂಧವಿಲ್ಲ, ನಾನೂ ಮೊದಲು ಹಾಗೇ ಕೇಳಿಸಿಕೊಂಡೆ.) ಷೇರುಪೇಟೆಯ ಪಾಠವನ್ನು ಹಂದಿಮರಿಯ ತಲೆಯ ಮೇಲೆ ಹೊರಿಸಿದ್ದಾರೆ. ನಾನು 98 ಬೆಲ್‌ನಂತೆ 400 ಕೊಂಡು ಮನೆಯ ನೆಲದಲ್ಲಿ ಹರವಿದೆ. ಒಟ್ಟು 39,200. ಮಂಗಳವಾರ ಸಂಜೆ ಹೋಗಿ ನೋಡಿದರೆ ಎಲ್ಲ ಕೊಳೆತು ಮುದ್ದೆ. ಮೊಮ್ಮಗಳು ಚೆರ್ರಿ ಹೂವಿನ ಸಾಮಾನು ಮಾಡುವ ಒಂದು ವಿಧಾನ ತಪ್ಪಿಹೋಯಿತೆಂದು ಗಡಿಯಾರವನ್ನು ಏಪ್ರಿಲ್ ಹತ್ತಕ್ಕೆ ಹಿಂದೆ ತಿರುಗಿಸಿದ್ದಳು. ಕಾಲವನ್ನು ಹಿಂದಕ್ಕೆ ಕೊಂಡೊಯ್ದರೆ ಟರ್ನಿಪ್ ಕೊಳೆಯುತ್ತದೆ. ಆಟ ಮಾಡಿದವರು ಈ ಕಳ್ಳದಾರಿ ಮೊದಲೇ ಊಹಿಸಿ ಬೇಲಿ ಹಾಕಿದ್ದಾರೆ!

ಅವಳು ಅತ್ತಳು, ನಾನು ಎರಡು ದಿನ ಗಂಭೀರವಾಗಿದ್ದೆ. ಕೊನೆಗೆ ಕೊಳೆತ ಗಡ್ಡೆಗೆ ಇರುವೆ ಮುತ್ತಿತು. ಆ ಇರುವೆ ಹಿಡಿದು ವಸ್ತುಸಂಗ್ರಹಾಲಯಕ್ಕೆ ಕೊಟ್ಟೆವು. ಅಲ್ಲಿಯವರೆಗೆ ನಮ್ಮ ಬಳಿ ಇರುವೆ ಇರಲಿಲ್ಲ.

ಆ ಸಂಗ್ರಹಾಲಯದ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಅದನ್ನು ನೋಡಿಕೊಳ್ಳುವವನು ಬ್ಲಾದರ್ಸ್ ಎಂಬ ಗೂಬೆ. ಹಗಲು ಹೋದರೆ ನಿದ್ದೆಯಲ್ಲಿರುತ್ತಾನೆ. ಕೀಟ ಕಂಡರೆ ಅಸಹ್ಯಪಡುತ್ತಾನೆ, ಆದರೂ ಪ್ರತಿಯೊಂದರ ಬಗ್ಗೆಯೂ ಶಾಸ್ತ್ರದ ಮಾತು ಹೇಳುತ್ತಾನೆ. ಸೀಲಕಾಂತ್ ಮೀನು ಮಳೆ ಬರುವಾಗ ಮಾತ್ರ ಸಮುದ್ರದಲ್ಲಿ ಸಿಗುತ್ತದೆ. ಡೈನೋಸಾರ್‌ಗಳ ಜೊತೆಗೇ ಅಳಿದುಹೋಯಿತೆಂದು ವಿಜ್ಞಾನಿಗಳು ನಂಬಿದ್ದ ಈ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಲ್ಲಿ ಜೀವಂತವಾಗಿ ಸಿಕ್ಕಿತು. ಇದು ನಿಜ ಸಂಗತಿ. ಇನ್ನು ಏಪ್ರಿಲ್ ಕೊನೆಯಿಂದ ರೆಡ್ ಎಂಬ ನರಿ ದೋಣಿಯಲ್ಲಿ ಚಿತ್ರಪಟ ಮಾರಲು ಬರತೊಡಗಿದ. ನರಿ ಎಲ್ಲ ದೇಶದಲ್ಲೂ ನರಿಯೇ, ಅರ್ಧ ಮಾಲು ನಕಲಿ. ಮೋನಾಲಿಸಾ ಕೊಳ್ಳುವಾಗ ಹುಬ್ಬು ನೋಡಬೇಕು. ಮೇಲೆತ್ತಿದ ಹುಬ್ಬಿದ್ದರೆ ಖೋಟಾ. ಮೊಮ್ಮಗಳು ಪುಸ್ತಕ ತೆಗೆದು ನಿಜವಾದ ಚಿತ್ರದ ಪಕ್ಕ ಇಟ್ಟು ಹೋಲಿಸುತ್ತಿದ್ದಳು. ಖೋಟಾ ನೋಟು ಹಿಡಿದ ಅನುಭವ ನನಗಿತ್ತು, ಸಲಹೆ ಕೊಟ್ಟೆ.

ಇನ್ನು ದೂರುಗಳು. ಮೊದಲು ಸಣ್ಣವು. ಗಾಳ, ಬಲೆ, ಕೊಡಲಿ ಎಲ್ಲ ಬಹುಬೇಗ ಮುರಿಯುತ್ತವೆ. ಐದು ಕಡ್ಡಿ ಸೇರಿಸಿ ಮಾಡಿದ ಗಾಳ ಹತ್ತು ಮೀನಿಗೆ ಲಟಕ್ ಅನ್ನುತ್ತದೆ. ನಾನು ಆಡುತ್ತಿದ್ದಾಗ ಒಮ್ಮೆಗೆ ನಾಲ್ಕು ಮಾಡಿಟ್ಟುಕೊಳ್ಳೋಣವೆಂದರೆ ಬಿಡುತ್ತಿರಲಿಲ್ಲ, ಒಂದೊಂದಾಗಿಯೇ ಮಾಡಬೇಕಿತ್ತು. ಗಂಟುನೋವಿನ ಬೆರಳಿನವರನ್ನು ಯಾರೂ ನೆನೆದಿರಲಿಲ್ಲ.

ದೊಡ್ಡ ದೂರು ಬೇರೆ. ಒಂದು ಯಂತ್ರಕ್ಕೆ ಒಂದೇ ದ್ವೀಪ. ಮೊದಲು ಕಾಲಿಟ್ಟವರೇ ಊರಿನ ಪ್ರತಿನಿಧಿ. ಸೇತುವೆ ಎಲ್ಲಿ, ಅಂಗಡಿ ಎಲ್ಲಿ, ಎಲ್ಲ ನಿರ್ಧಾರವೂ ಅವರದೇ. ಆಮೇಲೆ ಬಂದವರು ಮನೆ ಕಟ್ಟಬಹುದು, ಮೀನು ಹಿಡಿಯಬಹುದು, ಅಷ್ಟೇ. ಜೊತೆಯಲ್ಲಿ ಕೂತು ಆಡಿದರೂ ಒಬ್ಬರು ಮುಂದಾಳು, ಉಳಿದವರು ಹಿಂಬಾಲಕರು, ಮುಂದಾಳು ಹೋದತ್ತ ಪರದೆ ಹೋಗುತ್ತದೆ. ನನಗೇನೋ ಮೊಮ್ಮಗಳ ಹಿಂದೆ ನಡೆಯಲು ಬೇಸರವಿಲ್ಲ. ಆದರೆ ಅಣ್ಣ ತಂಗಿ ಇರುವ ಮನೆಯಲ್ಲಿ? ಮನೆಯವರೆಲ್ಲ ಸೇರಿ ಆಡಲೆಂದು ಹುಟ್ಟಿದ ಆಟದಲ್ಲಿ ಇದು ಸಣ್ಣ ತಪ್ಪಲ್ಲ.

ಮೊಮ್ಮಗಳ ಹತ್ತಿರ ಹಿಂದಿನ ಭಾಗ ‘ನ್ಯೂ ಲೀಫ್’ ಕೂಡ ಇತ್ತು, 2012ರದು. ಅದನ್ನೂ ಆಡಿ ನೋಡಿದೆ. ಅಲ್ಲಿ ಹೊಸ ನೆರೆಯವನು ಎಲ್ಲೆಂದರಲ್ಲಿ ಮನೆ ಹಾಕಿಬಿಡುತ್ತಾನೆ, ನಿಮ್ಮ ಹೂವಿನ ಗಿಡದ ಮೇಲೆಯೇ ಹಾಕಬಹುದು. ಕೆಲವು ದಿನ ಮಾತಾಡಿಸದಿದ್ದರೆ ಗಂಟುಮೂಟೆ ಕಟ್ಟಿ ಹೋಗಿಯೂಬಿಡಬಹುದು. ಹೊಸದರಲ್ಲಿ ನಿವೇಶನ ನೀವು ತೋರಿಸಿದ ಕಡೆ. ಇಷ್ಟವಿಲ್ಲವೆಂದರೆ ಮನೆಯನ್ನೇ ಎತ್ತಿ ಬೇರೆಡೆ ಇಡಬಹುದು, ನದಿಯನ್ನೂ ತಿರುಗಿಸಬಹುದು. ಊರು ಬಿಡಬೇಕೆಂದರೆ ನೆರೆಯವನು ನಿಮ್ಮ ಅಪ್ಪಣೆ ಕೇಳುತ್ತಾನೆ. ಹಿಂದಿನ ಭಾಗದಲ್ಲಿ ನಾವು ಊರಿಗೆ ಬಂದವರು, ಇದರಲ್ಲಿ ಊರೇ ನಮ್ಮದು. ದ್ವೀಪ ಮೊದಲಿಗಿಂತ ಎಷ್ಟೋ ಚೆಂದವಾಗಿದೆ, ನಿಜ. ನೆರೆಯವರು ಮಾತ್ರ ಸ್ವಲ್ಪ ಪೇಲವರಾಗಿದ್ದಾರೆ. ಸುಮಾರು 400 ಪ್ರಾಣಿಗಳಿದ್ದರೂ ಸ್ವಭಾವ ಎಂಟೇ ಬಗೆ. ಮೂರನೆಯ ವಾರಕ್ಕೆ ಆಡಿದ ಮಾತನ್ನೇ ಆಡುತ್ತಾರೆ.

ಅಧಿಕಾರ ಕೈಗೆ ಬಂದರೆ ಏನಾಗುತ್ತದೆ ನೋಡಿ. ರೇಮಂಡ್ ಎಂಬ ಬೆಕ್ಕಿದೆ, ಒಂದು ಕಣ್ಣು ಹಸಿರು, ಇನ್ನೊಂದು ಕಂದು, ಕನ್ನಡಕ ಬೇರೆ. ಅವನನ್ನು ಪಡೆಯಲು ಆಟಗಾರರು ತಮ್ಮತಮ್ಮಲ್ಲಿ ರಾಶಿ ರಾಶಿ ಬೆಲ್ ಕೊಟ್ಟು ವ್ಯಾಪಾರ ನಡೆಸಿದರು. ನೆರೆಯವನನ್ನು ಕೊಳ್ಳುವುದು! ನಮ್ಮ ದ್ವೀಪದಲ್ಲಿ ಹತ್ತೂ ನಿವೇಶನ ತುಂಬಿತ್ತು. ಅದರಲ್ಲಿ ಬ್ಯಾರಲ್ಡ್ ಎಂಬ ಕರಡಿಮರಿ. ದಪ್ಪ ಕನ್ನಡಕ, ಕ್ಷೌರ ಮಾಡದವನಂತೆ ಬಾಯಿ ಸುತ್ತ ಕಪ್ಪು. ಯಾವಾಗಲೂ ತಿಂಡಿಯ ಮಾತು. ನನಗೆ ಅವನು ಇಷ್ಟ, ನಮ್ಮ ಶಾಖೆಯಲ್ಲಿ ಅಂಥವರೊಬ್ಬರಿದ್ದರು. ಮೊಮ್ಮಗಳಿಗೆ ಆಗದು. “ಅವನನ್ನು ಓಡಿಸಿ ರೇಮಂಡ್‌ನ ತರ್ತೀನಿ ಅಜ್ಜಿ” ಎನ್ನುತ್ತ ಬಲೆಯಿಂದ ಅವನ ತಲೆಗೆ ಹೊಡೆಯುತ್ತಿದ್ದಳು. ನಾನು ಬೈದೆ. “ಅದು ನಿಜದ ಕರಡಿ ಅಲ್ಲ” ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಜೂನ್‌ನಲ್ಲಿ ಒಂದು ದಿನ ಬ್ಯಾರಲ್ಡ್ ತಲೆಯ ಮೇಲೆ ಯೋಚನೆಯ ಗುಳ್ಳೆ ತೇಲಿತು. ಊರು ಬಿಡೋಣ ಅನಿಸುತ್ತಿದೆ, ಏನು ಮಾಡಲಿ ಎಂದು ಕೇಳಿದ. ಅವಳು ಎರಡು ತಿಂಗಳಿಂದ ಕಾದಿದ್ದ ಗಳಿಗೆ ಅದು. ಅವತ್ತೇ ಬೆಳಗ್ಗೆ ನನಗೆ ವಿಶೇಷ ವಿಮಾನದಲ್ಲಿ ಎರಡನೇ ಸಲ ಜಾಗ ಸಿಗದೆ, ಶಿವಮೊಗ್ಗಕ್ಕೆ ಫೋನು ಮಾಡಿ ಹೇಳಿ ಸುಮ್ಮನೆ ಕುಳಿತಿದ್ದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ‘ಹೋಗಬೇಡ’ ಎಂಬುದನ್ನು ಒತ್ತಿದಳು. ಯಾಕೆಂದು ನಾನು ಕೇಳಲಿಲ್ಲ.

ಆ ತಿಂಗಳುಗಳಲ್ಲಿ ಹಾರುತ್ತಿದ್ದದ್ದು ದ್ವೀಪದ ವಿಮಾನ ಒಂದೇ. ಅದನ್ನು ನಡೆಸುವವು ಎರಡು ಡೋಡೊ ಹಕ್ಕಿಗಳು, ಆರ್ವಿಲ್ ಮತ್ತು ವಿಲ್ಬರ್. ವಿಮಾನ ಕಂಡುಹಿಡಿದ ರೈಟ್ ಸಹೋದರರ ಹೆಸರು. ಡೋಡೊಗೆ ಹಾರಲು ಬರುತ್ತಿರಲಿಲ್ಲ, ಮಾರಿಷಸ್‌ನಲ್ಲಿದ್ದ ಆ ಹಕ್ಕಿ 17ನೇ ಶತಮಾನದಲ್ಲೇ ಅಳಿಯಿತು. ಈ ತಮಾಷೆಯನ್ನು ನಮ್ಮ ಮನೆಯವರಿಗೆ ಫೋನಿನಲ್ಲಿ ಹೇಳಿದಾಗ ಬಹಳ ದಿನಕ್ಕೆ ನಕ್ಕರು. ಆಮೇಲೆ ದಿನವೂ ಅವರ ಮೊದಲ ಪ್ರಶ್ನೆ, “ಏನೇ, ಇವತ್ತು ಏನು ಹಿಡಿದೆ?” ಆಟದ ಬ್ಯಾಂಕು ಏಪ್ರಿಲಿನಲ್ಲಿ ಉಳಿತಾಯದ ಬಡ್ಡಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಸಮಾಧಾನಕ್ಕೆ ಒಂದು ನೆಲಹಾಸು ಕಳಿಸಿತು ಎಂದಾಗಲಂತೂ, “ನಿಮ್ಮ ಬ್ಯಾಂಕು ಅದನ್ನೂ ಕೊಡಲಿಲ್ಲವಲ್ಲ” ಅಂದರು.

ಕೊಳ್ಳಬೇಕೇ ಎಂದು ಕೇಳುವವರಿಗೆ: ಮನೆಯಲ್ಲಿ ಒಂದೇ ಮಗು ಇದ್ದರೆ, ಅಥವಾ ಪ್ರತಿನಿಧಿ ಯಾರೆಂದು ಜಗಳವಿಲ್ಲದೆ ತೀರ್ಮಾನವಾದರೆ, ಕೊಳ್ಳಿ. ದಿನಕ್ಕೆ ಒಂದು ಗಂಟೆ ಸಾಕು. ಅಜ್ಜ ಅಜ್ಜಿಗೂ ಒಂದು ಗುಡಾರ ಹಾಕಿಸಿ. ಅಮೆರಿಕದಲ್ಲಿ 87 ವರ್ಷದ ಅಜ್ಜಿಯೊಬ್ಬರು ನ್ಯೂ ಲೀಫ್ ಆಟವನ್ನು 3,500 ಗಂಟೆಗೂ ಮೀರಿ ಆಡಿದ್ದಾರೆ. ನಾನಿನ್ನೂ ಎಳೆಯವಳು.

ಆಗಸ್ಟ್‌ನಲ್ಲಿ ಜಾಗ ಸಿಕ್ಕಿತು, ಊರಿಗೆ ಬಂದೆ. ಇಲ್ಲಿ ನನ್ನ ಬಳಿ ಸ್ವಿಚ್ ಇಲ್ಲ. ದ್ವೀಪದಲ್ಲಿ ನನ್ನ ಮನೆ ಹಾಗೇ ಇದೆಯಂತೆ, ಸುತ್ತ ಬೆಳೆದ ಕಳೆ ಮೊಮ್ಮಗಳೇ ಕೀಳುತ್ತಾಳೆ. ವಾರಕ್ಕೊಮ್ಮೆ ಅಲ್ಲಿನ ವಿಮಾನ ನಿಲ್ದಾಣಕ್ಕೆ ಹೋಗಿ ನನ್ನ ಮನೆಯ ವಿಳಾಸಕ್ಕೆ ಒಂದು ಕಾಗದ ಹಾಕುತ್ತಾಳೆ. ಏನು ಬರೆದಿದ್ದೀಯೆ ಎಂದು ಫೋನಿನಲ್ಲಿ ಕೇಳಿದರೆ ಹೇಳುವುದಿಲ್ಲ. “ಬಂದು ಓದು ಅಜ್ಜಿ” ಎನ್ನುತ್ತಾಳೆ.